ಬಿಂದಿಗೆ ಎಲ್ಲಿಟ್ಟರು?

ಅಕ್ಟೋಬರ್ ೬, ಸೋಮವಾರ

ಒಂದೇ ದಿನ ಎರಡು ಗಂಡಾಂತರ.

ಬೆಳಿಗ್ಗೆ ನಾನು ಕೆಲಸ ಮಾಡುವ ಯಶವಂತಪುರದ ಲೈಬ್ರರಿಯಲ್ಲಿದ್ದಾಗ ಪ್ರಕಾಶನದಿಂದ ನಯನಾ ಫೋನ್ ಮಾಡಿದಳು. ನನ್ನ ಕಾದಂಬರಿ ನೋಡುತ್ತಿರುವ ಸಂಪಾದಕಿ. ಮೂವತ್ತು ದಾಟಿರಲಿಕ್ಕಿಲ್ಲ, ಮಾತು ಮೃದು, ಪೆನ್ನು ಮಾತ್ರ ಬಲು ಹರಿತ. ಮೊದಲ ಹತ್ತು ಅಧ್ಯಾಯಗಳನ್ನು ಹೊಗಳಿದಳು. ಹನ್ನೊಂದಕ್ಕೆ ಬಂದಾಗ ಕೆಮ್ಮಿದಳು. ಚನ್ನಕ್ಕ, ಈರವ್ವ ಎಂಬ ಇಬ್ಬರು ಗೆಳತಿಯರು ಬೀದಿ ನಲ್ಲಿಯ ಮುಂದೆ ಕೈ ಕೈ ಮಿಲಾಯಿಸುವ ಅಧ್ಯಾಯ ಅದು. ಕಾದಂಬರಿಯೆಲ್ಲ ಅಲ್ಲಿಗೆ ಬಂದು ಮುರಿಯಬೇಕು. "ಬೇಜಾರ್ ಮಾಡ್ಕೋಬೇಡಿ ಮೇಡಂ, ಇಬ್ರೂ ಚರ್ಚಾಸ್ಪರ್ಧೆಗೆ ಬಂದಂಗಿದಾರೆ" ಎಂದಳು. ಈರವ್ವ ಕೆಳಗೆ ಬಿದ್ದು, ಎದೆಯ ಮೇಲೆ ಚನ್ನಕ್ಕ ಕೂತಿರುವಾಗಲೂ, ಹನ್ನೆರಡು ಸಾಲಿನ ಒಂದು ವಾಕ್ಯ ಹೇಳುತ್ತಾಳಂತೆ. ಎಣಿಸಿ ನೋಡಿದೆ. ಹನ್ನೆರಡಲ್ಲ, ಹದಿನಾಲ್ಕು.

ನವೆಂಬರ್ ಹದಿನೈದರೊಳಗೆ ಸರಿಮಾಡಿಕೊಟ್ಟರೆ ಈ ವರ್ಷದ ಪಟ್ಟಿಯಲ್ಲಿ ಪುಸ್ತಕ ಬರುತ್ತದೆ. ಇಲ್ಲದಿದ್ದರೆ 'ಮುಂದಿನ ವರ್ಷ ನೋಡೋಣ'. ಪ್ರಕಾಶಕರು ನೋಡೋಣ ಎಂದ ಪುಸ್ತಕಗಳನ್ನು ಯಾರೂ ನೋಡಿದ್ದಿಲ್ಲ. ಆರು ವರ್ಷ ಬರೆದಿದ್ದೇನೆ ಇದನ್ನು.

ಎರಡನೆಯ ಗಂಡಾಂತರ ಸಂಜೆ ಆಟೋದಲ್ಲಿ ಬಂದಿತು. ನನ್ನ ಅತ್ತೆ ಮುನಿಶಾಮಮ್ಮ. ಮೈದುನ ಗೋಪಿ ಕೆಂಪಾಪುರದ ಮನೆಯ ಮೇಲೆ ಇನ್ನೆರಡು ಮಹಡಿ ಎಬ್ಬಿಸುತ್ತಿದ್ದಾನೆ, ಆ ಧೂಳಿಗೆ ಅತ್ತೆಗೆ ದಮ್ಮು. ಕೆಲಸ ಮುಗಿಯುವ ತನಕ ಸಂಜಯನಗರದ ನಮ್ಮ ಮನೆಯಲ್ಲಿ ನಲವತ್ತು ದಿನ. ಎರಡು ಬ್ಯಾಗು, ಎಲೆ ಅಡಿಕೆ ಕುಟ್ಟುವ ಕಲ್ಲು, ಜೊತೆಗೆ ಒಂದು ಹಿತ್ತಾಳೆ ಬಿಂದಿಗೆ. ನಮ್ಮ ಫಿಲ್ಟರಿನ ನೀರಿನ ಮೇಲೆ ಅವರಿಗೆ ನಂಬಿಕೆಯಿಲ್ಲ.

ಲೆಕ್ಕ ಹಾಕಿದೆ. ಕಾದಂಬರಿಯ ಗಡುವು, ಅತ್ತೆಯ ಗಡುವು, ಎರಡೂ ಒಂದೇ ದಿನ ಮುಗಿಯುತ್ತವೆ.

ಅಕ್ಟೋಬರ್ ೯, ಗುರುವಾರ

ಮೂರು ದಿನ ಕೂತರೂ ಒಂದು ಏಟು ಸರಿಯಾಗಿ ಬೀಳಲಿಲ್ಲ. ತಪ್ಪು ನನ್ನದಲ್ಲ, ತವರಿನದು. ಅಪ್ಪ ರಾಜಾಜಿನಗರದ ಮೇಷ್ಟ್ರು. ಸಿಟ್ಟು ಬಂದರೆ ಪೇಪರನ್ನು ಜೋರಾಗಿ ಮಡಿಸುತ್ತಿದ್ದರು. ಅಮ್ಮನಿಗೆ ಸಿಟ್ಟು ಬಂದರೆ ಸಾರಿಗೆ ಒಗ್ಗರಣೆ ಬೀಳುತ್ತಿರಲಿಲ್ಲ. ಇಷ್ಟೇ ನಮ್ಮ ಮನೆಯ ಯುದ್ಧಗಳ ಇತಿಹಾಸ. ನಲವತ್ತೇಳು ವರ್ಷ ಬದುಕಿದ್ದೇನೆ, ಒಬ್ಬರನ್ನು ಹೊಡೆದಿಲ್ಲ, ಒಬ್ಬರಿಂದ ಹೊಡೆಸಿಕೊಂಡಿಲ್ಲ. ಜಗಳದ ಮಟ್ಟಿಗೆ ನಾನು ಸಂಪೂರ್ಣ ಅನಕ್ಷರಸ್ಥೆ.

ನನ್ನ ಗಂಡ ನರೇಂದ್ರರನ್ನು ಕೇಳಿ ಪ್ರಯೋಜನವಿಲ್ಲ. ಪಕ್ಕದ ಮನೆಯಲ್ಲಿ ಯಾರಾದರೂ ದನಿ ಎತ್ತಿದರೂ ಸಾಕು, ನಮ್ಮವರಿಗೆ ಹಾಲು ತರುವ ನೆನಪಾಗುತ್ತದೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಎಷ್ಟು ಹಾಲು ಬಂದಿದೆಯೋ.

ಅತ್ತೆಗೂ ನನಗೂ ಮಾತು ಚೆನ್ನಾಗಿಯೇ ಇದೆ. "ಊಟಕ್ಕೆ ಬನ್ನಿ ಅತ್ತೆ." "ಆಯ್ತು ಕಣಮ್ಮ." ದಿನಕ್ಕೆ ಮೂರು ಸಲ. ಇಪ್ಪತ್ತೊಂದು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಬೇಕು ಎಂದು ಇಬ್ಬರಿಗೂ ಅನಿಸಿಲ್ಲ. ಇನ್ನು ಮೂವತ್ತೇಳು ದಿನ.

ಅಕ್ಟೋಬರ್ ೧೨, ಭಾನುವಾರ

ಅನುಭವವಿಲ್ಲದಿದ್ದರೆ ಸಂಪಾದಿಸಬೇಕು ಎಂದು ಆರ್.ಟಿ. ನಗರದಲ್ಲಿ ಹೆಂಗಸರಿಗೆ ಆತ್ಮರಕ್ಷಣೆ ಕಲಿಸುವ ಕ್ಲಾಸಿಗೆ ಹೋದೆ. ಟೈರ್ ಅಂಗಡಿಯ ಮೇಲಿನ ದೊಡ್ಡ ಕೋಣೆ. ಕಲಿಸುವವನು ಜೀಷಾನ್, ಇಪ್ಪತ್ತಾರರ ಹುಡುಗ, ಬಹಳ ಮರ್ಯಾದೆಯವನು. ಏನು ಕಲಿಯಬೇಕು ಎಂದು ಕೇಳಿದ. ಎದುರಿನವಳ ಸೊಂಟದ ಮೇಲೆ ಬಿಂದಿಗೆ ಇರುವಾಗ ಜುಟ್ಟು ಹಿಡಿಯುವುದು ಹೇಗೆ ಎಂದೆ. ಅವನ ಸಿಲೆಬಸ್ಸಿನಲ್ಲಿ ಬಿಂದಿಗೆ ಇಲ್ಲ.

ಆದರೂ ಕಲಿತೆ. ಕಾಲೇಜು ಹುಡುಗಿಯೊಬ್ಬಳು ನನ್ನ ಮುಂಗೈ ಹಿಡಿದಳು, ನಾನು ಬಿಡಿಸಿಕೊಳ್ಳಬೇಕು. ಹತ್ತು ಎಣಿಸುವಷ್ಟರಲ್ಲಿ ಉಸಿರು ಕಟ್ಟಿತು. ಬಾಯಿಂದ ಬಂದದ್ದು ಒಂದೇ ಶಬ್ದ, ಅದಕ್ಕೆ ಅಕ್ಷರವಿಲ್ಲ. ಈರವ್ವನ ಹದಿನಾಲ್ಕು ಸಾಲು ನೆನಪಾಗಿ, ಅಷ್ಟು ಜನರ ಮಧ್ಯೆ ನನ್ನಷ್ಟಕ್ಕೇ ನಾಚಿಕೊಂಡೆ.

ಬರುವಾಗ ಜೀಷಾನ್, "ಮೇಡಂ, ಇಲ್ಲಿ ಫಸ್ಟ್ ಕಲಿಸೋದೇ ತಪ್ಪಿಸ್ಕೊಂಡು ಓಡೋದು" ಎಂದ. ಒಳ್ಳೆಯ ವಿದ್ಯೆ. ಆದರೆ ನನ್ನ ಹೆಂಗಸರು ಓಡುವ ಹಾಗಿಲ್ಲ, ಅವರಿಗಿನ್ನೂ ನೀರು ಸಿಕ್ಕಿಲ್ಲ. ಇನ್ನು ಮೂವತ್ತನಾಲ್ಕು ದಿನ.

ಅಕ್ಟೋಬರ್ ೧೩, ಸೋಮವಾರ

ಕೈ ಮೇಲೆತ್ತಲು ಆಗುತ್ತಿಲ್ಲ. ಸಕ್ಕರೆ ಡಬ್ಬಿ ಮೇಲಿನ ಶೆಲ್ಫಿನಲ್ಲಿ, ಕಾಫಿ ಸಕ್ಕರೆಯಿಲ್ಲದೆ ಕುಡಿದೆ. ಅತ್ತೆ ನೋಡಿದರು, ಏನಾಯಿತು ಎಂದರು. ಸುಳ್ಳು ಹೊಳೆಯಲಿಲ್ಲ, ಇದ್ದದ್ದು ಹೇಳಿದೆ. ಓದು ನೋಡೋಣ ಎಂದರು. ಅವರಿಗೆ ಓದಲು ಬರುವುದಿಲ್ಲ. ಹನ್ನೊಂದನೇ ಅಧ್ಯಾಯ ಪೂರ್ತಿ ಓದಿ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿದರು. ಹದಿನಾಲ್ಕು ಸಾಲಿನ ವಾಕ್ಯ ಬಂದಾಗ ಜಗಿಯುವುದನ್ನು ನಿಲ್ಲಿಸಿದರು.

ಮುಗಿದ ಮೇಲೆ ಒಂದೇ ಪ್ರಶ್ನೆ. "ಬಿಂದಿಗೆ ಎಲ್ಲಿಟ್ರು?"

ನನಗೆ ಅರ್ಥವಾಗಲಿಲ್ಲ, ಅತ್ತೆಯೇ ಬಿಡಿಸಿ ಹೇಳಿದರು. "ಇಬ್ರೂ ಸೊಂಟದ್ ಮ್ಯಾಲೆ ಬಿಂದಿಗೆ ಇಕ್ಕೊಂಡು ಬಂದ್ರು ಅಂದೆ. ಆಮ್ಯಾಕೆ ಒಡೆದಾಡ್ತಾವ್ರೆ. ಮದ್ದೆ ಬಿಂದಿಗೆ ಎಲ್ಲೋಯ್ತು?" ಯಾವ ಹೆಂಗಸೂ ಬಿಂದಿಗೆ ಕೆಳಗಿಡದೆ ಜಗಳಕ್ಕಿಳಿಯುವುದಿಲ್ಲವಂತೆ. ಅದೂ ಎಲ್ಲೋ ಅಲ್ಲ, ಗೋಡೆ ಬದಿಗೆ, ಯಾರ ಕಾಲೂ ತಾಗದ ಕಡೆ. ಸೊಟ್ಟಗಾದರೆ ಮನೆಯಲ್ಲಿ ಇನ್ನೊಂದು ಜಗಳ. ಬಿಂದಿಗೆ ಇಟ್ಟು, ಸೆರಗು ಸಿಕ್ಕಿಸಿ, ಬಳೆ ಹಿಂದಕ್ಕೆ ತಳ್ಳಿ, ಆಮೇಲೆ ಕೈ.

ಆರು ವರ್ಷ. ಊರಿನ ಇತಿಹಾಸ, ನೀರಿನ ಇಲಾಖೆಯ ವರದಿ, ಹಳೇ ಪತ್ರಿಕೆ ಎಲ್ಲ ಓದಿದ್ದೇನೆ. ಬಿಂದಿಗೆ ನೆನಪಾಗಲಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಪಾಠ ಶುರುವಾಗಿದೆ. ಜಾಗ ಅಡುಗೆಮನೆ ಹಿಂದಿನ ನಮ್ಮ ಯುಟಿಲಿಟಿ, ಬಟ್ಟೆ ಒಗೆಯುವ ಕಲ್ಲೇ ನಲ್ಲಿ ಕಟ್ಟೆ. ಅತ್ತೆ ಚನ್ನಕ್ಕ, ನಾನು ಈರವ್ವ. ಅವರ ವಯಸ್ಸು ಎಪ್ಪತ್ತೆರಡು. ಮೆಟ್ಟಿಲು ಹತ್ತಲು ಮಂಡಿ ನೋವು, ಜಗಳವಾಡಲು ಯಾವ ನೋವೂ ಇಲ್ಲ.

ಮೊದಲ ಪಾಠ ಜುಟ್ಟು. ತುದಿ ಹಿಡಿಯುವವಳು ದಡ್ಡಿ, ಎದುರಿನವಳು ತಿರುಗಿದರೆ ನೀನೂ ತಿರುಗುತ್ತೀಯ. ಕತ್ತಿನ ಹತ್ತಿರ ಬೇರಿಗೆ ಕೈ ಹಾಕಬೇಕು, ಬೆರಳು ಒಳಗೆ ಬಿಟ್ಟು ಮುಷ್ಟಿ ಕಟ್ಟಬೇಕು. ತೋರಿಸಿದರು. ನನ್ನ ತಲೆ ಆಕಾಶ ನೋಡಿತು, ಮೊಣಕಾಲು ತಾನಾಗಿಯೇ ಮಡಚಿಕೊಂಡಿತು. ನೋವಿಗಿಂತ ಮೊದಲು ಬಂದದ್ದು ಅವಮಾನ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ, ತಕ್ಷಣ ಬರೆದುಕೊಂಡೆ.

ಆಮೇಲೆ ನನ್ನ ಸರದಿ. ಕೈ ಏಳಲಿಲ್ಲ. ಹಬ್ಬಕ್ಕೊಮ್ಮೆ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದು ಬಿಟ್ಟರೆ ನಾನು ಅವರನ್ನು ಮುಟ್ಟಿದವಳೇ ಅಲ್ಲ. ತಲೆಗೆ ಕೈ ಹಾಕುವುದು ಹೇಗೆ? "ಇಡ್ಕೊ ಅಂದ್ರೆ ಇಡ್ಕೊ, ನಾನೇನ್ ಗಾಜಿನ್ ಲೋಟ ಅಲ್ಲ" ಎಂದು ಗದರಿದರು. ಹಿಡಿದೆ. ಬಿಳಿ ಕೂದಲು, ಕೊಬ್ಬರಿ ಎಣ್ಣೆ, ತೆಳ್ಳಗೆ ಬೆಚ್ಚಗಿತ್ತು. ಮೊದಲ ಸಲ ಜಾರಿತು. ಎರಡನೇ ಸಲ ಸರಿಯಾಗಿ ಸಿಕ್ಕಿತು.

ಅದೇ ಹೊತ್ತಿಗೆ ನರೇಂದ್ರ ಬಾಗಿಲು ತೆಗೆದರು. ಹೆಂಡತಿಯ ಮುಷ್ಟಿಯಲ್ಲಿ ತಾಯಿಯ ಜುಟ್ಟು, ತಾಯಿಯ ಕೈ ಹೆಂಡತಿಯ ಸೆರಗಿನ ಮೇಲೆ, ಗೋಡೆ ಬದಿಗೆ ಬಿಂದಿಗೆ. ಅತ್ತೆ ಕತ್ತು ಓರೆ ಮಾಡಿಕೊಂಡೇ, "ಏನಿಲ್ಲ ಕಣಪ್ಪ, ಪಾಠ" ಎಂದರು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಐದು ನಿಮಿಷಕ್ಕೆ ಸ್ಕೂಟರ್ ಹೊರಟ ಸದ್ದು. ಫ್ರಿಜ್ಜಿನಲ್ಲಿ ಮೂರು ಪ್ಯಾಕೆಟ್ ಹಾಲಿತ್ತು.

ಅತ್ತೆ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. ನಾನು ಬೆನ್ನು ನೀವಿದೆ.

ಅಕ್ಟೋಬರ್ ೧೯, ಭಾನುವಾರ

ಕತ್ತು ಬಲಕ್ಕೆ ತಿರುಗುತ್ತಿಲ್ಲ. ಅತ್ತೆ ಆರಾಮಾಗಿದ್ದಾರೆ. ಇನ್ನು ಇಪ್ಪತ್ತೇಳು ದಿನ.

ಅಕ್ಟೋಬರ್ ೨೩, ಗುರುವಾರ

ದೀಪಾವಳಿಗೆ ಗೋಪಿಯ ಸಂಸಾರ ಬಂದು ಹೋಯಿತು. ಎಣ್ಣೆ ಸ್ನಾನಕ್ಕೆ ಅತ್ತೆ ನನ್ನ ಕತ್ತಿಗೆ ಹರಳೆಣ್ಣೆ ಹಾಕಿ ಉಜ್ಜಿದರು, ಈಗ ತಿರುಗುತ್ತದೆ. ಕೆಡಿಸಿದವರೇ ಸರಿಮಾಡಿದ್ದು, ಆದ್ದರಿಂದ ಉಪಕಾರ ಎಂದು ತಿಳಿಯಬೇಕಾಗಿಲ್ಲ.

ಇವತ್ತಿನ ಪಾಠ ಎಲ್ಲಕ್ಕಿಂತ ದೊಡ್ಡದು. ಅಧ್ಯಾಯವನ್ನು ಮೂರನೇ ಸಲ ಬರೆದು ಓದಿದೆ. ಬಿಂದಿಗೆ ಗೋಡೆ ಬದಿಗಿದೆ, ಮಾತು ಎರಡೆರಡು ಪದಕ್ಕೆ ಇಳಿದಿದೆ, ಜುಟ್ಟು ಬೇರಿನಲ್ಲಿದೆ. ಆದರೆ ಇಬ್ಬರೂ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ನೋಡುತ್ತಾರೆ ಎಂದು ಬರೆದಿದ್ದೆ. ಅತ್ತೆ ತಲೆ ಅಲ್ಲಾಡಿಸಿದರು. ಕಣ್ಣು ಅಲ್ಲಿರುವುದಿಲ್ಲವಂತೆ. "ಬೀದಿ ಕಡೀಕೆ ಇರ್ತದೆ. ಬಿಡ್ಸೋರು ಬಂದ್ರಾ ಅಂತ."

ಕೂರಿಸಿಕೊಂಡು ವಿವರಿಸಿದರು. ಅವರ ಕಾಲದ ಕೆಂಪಾಪುರದಲ್ಲಿ ಜಗಳ ಎಂದರೆ ಮೂರು ಜನರ ಕೆಲಸ. ಇಬ್ಬರು ಹೊಡೆದಾಡುವವರು, ಒಬ್ಬಳು ಬಿಡಿಸುವವಳು. ಬಿಡಿಸುವವಳು ಬರುತ್ತಾಳೆ ಎಂಬ ಧೈರ್ಯದ ಮೇಲೆಯೇ ಕೈ ಎತ್ತುವುದು. ಅವಳು ಬಂದು ಸೊಂಟ ಹಿಡಿದು ಎಳೆದ ಮೇಲೆ ನಿಜವಾದ ಬಾಯಿ ಶುರು. ಬಿಡ್ರೇ ನನ್ನ, ಇವತ್ತು ಅವಳನ್ನು ನೋಡ್ಕೋತೀನಿ ಎಂದು ಕೂಗುತ್ತಾ, ಬಿಟ್ಟಾರು ಎಂದು ಒಳಗೇ ಹೆದರುತ್ತಾ ಹಿಂದಕ್ಕೆ ಸರಿಯಬೇಕು. ಮಾರನೇ ದಿನ ಇಬ್ಬರೂ ಬಿಡಿಸಿದವಳನ್ನೇ ಬೈದುಕೊಂಡು ಒಂದಾಗುತ್ತಾರೆ. ಅತ್ತೆ ತಾವೇ ಎಳೆಯುವವಳಾಗಿ, ಎಳೆಸಿಕೊಳ್ಳುವವಳಾಗಿ ಎರಡೂ ಮಾಡಿ ತೋರಿಸಿದರು. ನನಗೂ ಕೂಗಲು ಹೇಳಿದರು. ಮೊದಲ ಸಲ ಲೈಬ್ರರಿಯಲ್ಲಿ ಪುಸ್ತಕ ಕೇಳುವ ದನಿ ಬಂದಿತು. ನಾಲ್ಕನೇ ಸಲಕ್ಕೆ ಕೆಳಗಿನ ಮನೆಯವರು ಕಿಟಕಿ ಮುಚ್ಚಿದರು.

ಈಗ ದಿನಾ ಸಂಜೆ ಆರಕ್ಕೆ ಯುಟಿಲಿಟಿಯಲ್ಲಿ ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಕೆಲಸ ಮುಗಿಸಿ ಯಶವಂತಪುರದಿಂದ ಬೇಗ ಬರುತ್ತಿದ್ದೇನೆ. ಬಸ್ಸು ಈಚೆಗೆ ಖಾಲಿ ಇರುತ್ತದೆ.

ಅಕ್ಟೋಬರ್ ೨೮, ಮಂಗಳವಾರ

ಪಾಠದ ಮಧ್ಯೆ ಸುಮ್ಮನೆ ಕೇಳಿದೆ. ಬಿಡಿಸುವವರು ಯಾರೂ ಬರದ ಜಗಳ ಆಡಿದ್ದೀರಾ? ಅತ್ತೆ ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು. ಊಟಕ್ಕೆ ಕರೆದಾಗ ಹೊಟ್ಟೆ ತುಂಬಿದೆ ಎಂದರು. ಹೊಟ್ಟೆ ತುಂಬುವಂಥದ್ದು ಏನೂ ತಿಂದಿರಲಿಲ್ಲ.

ಅಕ್ಟೋಬರ್ ೨೯, ಬುಧವಾರ

ತಾವಾಗಿಯೇ ಹೇಳಿದರು. ನಾನು ಪೆನ್ನು ಮುಟ್ಟಲಿಲ್ಲ, ಈಗ ನೆನಪಿನಿಂದ ಬರೆಯುತ್ತಿದ್ದೇನೆ.

ಅವಳ ಹೆಸರು ಸೊಣ್ಣಮ್ಮ. ಅತ್ತೆ ಮದುವೆಯಾಗಿ ಬಂದ ವರ್ಷವೇ ಎದುರು ಮನೆಗೆ ಸೊಸೆಯಾಗಿ ಬಂದವಳು. ಇಬ್ಬರಿಗೂ ಊರು ಹೊಸದು, ಇಬ್ಬರಿಗೂ ಅತ್ತೆಯರ ಕಾಟ. ಒಬ್ಬರ ಬಾಣಂತನ ಒಬ್ಬರು ಮಾಡಿದ್ದಾರೆ. ನರೇಂದ್ರ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳಂತೆ.

ಮೂವತ್ತೊಂದು ವರ್ಷದ ಹಿಂದೆ, ಊರೆಲ್ಲ ಯಲಹಂಕದಲ್ಲಿ ಒಂದು ಮದುವೆಗೆ ಹೋಗಿದ್ದ ಮಧ್ಯಾಹ್ನ, ವಾರದಿಂದ ಬಾರದ ನೀರು ನಲ್ಲಿಯಲ್ಲಿ ಬಂದುಬಿಟ್ಟಿತು. ಬೀದಿಯಲ್ಲಿ ಉಳಿದವರು ಇವರಿಬ್ಬರೇ. ಆಗೆಲ್ಲ ಪಾಳಿಗೆ ಬಿಂದಿಗೆ ಬದಲು ಕಲ್ಲು ಇಡುತ್ತಿದ್ದರು, ಯಾರ ಕಲ್ಲು ಯಾವುದೆಂದು ಎಲ್ಲರಿಗೂ ಗೊತ್ತು. ಅತ್ತೆಯ ಕಲ್ಲು ಹಿಂದಕ್ಕೆ ಹೋಗಿತ್ತು. ನಾನು ಮುಟ್ಟಿಲ್ಲ ಎಂದಳು ಸೊಣ್ಣಮ್ಮ. ಅಲ್ಲಿಂದ ಮಾತು, ಮಾತಿನಿಂದ ಕೈ. ಬೇರೆ ದಿನವಾಗಿದ್ದರೆ ಎರಡು ನಿಮಿಷದ ಜಗಳ. ಇಬ್ಬರೂ ಬೀದಿ ನೋಡಿದರು, ಯಾರೂ ಬರಲಿಲ್ಲ. ಬಿಡಿಸುವವರಿಲ್ಲದೆ ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮೊದಲು ಬಿಟ್ಟವಳು ಸೋತ ಹಾಗೆ. ಅತ್ತೆಯ ಕೈಗೆ ಸೊಣ್ಣಮ್ಮನ ವಾಲೆ ಸಿಕ್ಕಿತು, ಎಳೆದರು. ಕಿವಿ ಹರಿಯಿತು.

ಹೇಗೆ ನಿಂತಿತು ಎಂದೆ. "ನೀರು ನಿಂತೋಯ್ತು" ಎಂದರು.

ಅಷ್ಟೇ. ಸೊಣ್ಣಮ್ಮ ವಾಲೆ ಎತ್ತಿಕೊಂಡು ಹೋದಳು. ಆ ಕಲ್ಲು ಸರಿಸಿದ್ದು ಗೋಪಿ, ಆಟಕ್ಕೆ. ನಾಲ್ಕು ದಿನ ಬಿಟ್ಟು ಗೊತ್ತಾಯಿತು. ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ಈಗ ಅವಳು ಪುಟ್ಟೇನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಮದುವೆ ಮನೆಗಳಲ್ಲಿ ಎದುರಾಗುತ್ತಾಳೆ, ಸೆರಗನ್ನು ಆ ಕಿವಿಯ ಮೇಲೆ ಎಳೆದುಕೊಂಡಿರುತ್ತಾಳೆ.

ನವೆಂಬರ್ ೧, ಶನಿವಾರ

ಬೀದಿಯ ತುದಿಯಲ್ಲಿ ರಾಜ್ಯೋತ್ಸವದ ಧ್ವನಿವರ್ಧಕ, ನಾನು ಕೋಣೆಯ ಬಾಗಿಲು ಹಾಕಿ ಕೂತೆ. ಎದ್ದಾಗ ಆರು ಪುಟ. ಒಂದು ಪದ ಹೊಡೆದು ಹಾಕಲಿಲ್ಲ. ಖಾಲಿ ಬೀದಿ, ಎರಡು ಬಿಂದಿಗೆ, ಸರಿದ ಕಲ್ಲು. ಈರವ್ವನ ಕಿವಿ ಹರಿಯುತ್ತದೆ, ನೀರು ನಿಲ್ಲುತ್ತದೆ. ಬರೆಯುವಾಗ ನನ್ನ ಬೆರಳುಗಳಿಗೆ ಎಲ್ಲ ಗೊತ್ತಿತ್ತು, ಕೂದಲು ಎಷ್ಟು ಜಾರುತ್ತದೆ, ಉಸಿರು ಎಲ್ಲಿ ತಪ್ಪುತ್ತದೆ, ಕಣ್ಣು ಎತ್ತ ಹೋಗುತ್ತದೆ. ಮುಂದಿನ ಎರಡು ಅಧ್ಯಾಯಗಳಲ್ಲೂ ಕಿವಿಯ ಮಾತು ಸೇರಿಸಿ, ಸಂಜೆಯೇ ನಯನಾಗೆ ಕಳಿಸಿಬಿಟ್ಟೆ.

ಅತ್ತೆಗೆ ಹೇಳಲಿಲ್ಲ. ಓದಿ ಹೇಳಿದಾಗ ಖುಷಿಪಡಲಿ ಎಂದು.

ನವೆಂಬರ್ ೩, ಸೋಮವಾರ

ನಯನಾಳ ಫೋನು. ಇದು ಅಚ್ಚಿಗೆ ಹೋಗುತ್ತದೆ ಮೇಡಂ, ಹೀಗೇ ಹೋಗುತ್ತದೆ ಎಂದಳು. ಪುಟ ಕಟ್ಟಲು ಕೊಟ್ಟಾಯಿತಂತೆ. ಈ ಜಗಳ ಎಲ್ಲಿಂದ ತಂದಿರಿ ಎಂದಳು. ಮನೆಯಲ್ಲಿಯೇ ಇತ್ತು ಎಂದೆ. ನಕ್ಕಳು. ಬರುವಾಗ ಅರ್ಧ ಕೆ.ಜಿ. ಮೈಸೂರುಪಾಕು ತಂದೆ.

ನವೆಂಬರ್ ೪, ಮಂಗಳವಾರ

ಮೈಸೂರುಪಾಕು ಯಾರೂ ಮುಟ್ಟಿಲ್ಲ.

ಓದಿದೆ. ಕಲ್ಲಿನ ಮಾತು ಬಂದಾಗಲೇ ಅತ್ತೆಯ ಜಗಿಯುವ ಬಾಯಿ ನಿಂತಿತು, ನಾನು ನೋಡಲಿಲ್ಲ. ಕಿವಿಯವರೆಗೂ ಹೆಮ್ಮೆಯಿಂದ ಓದಿದೆ. "ನಂದನ್ನ ಯಾಕಾಕ್ದೆ?" ಎಂದರು. ಹೆಸರು ಬೇರೆ ಇದೆ, ಊರು ಬೇರೆ ಇದೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಸೊಣ್ಣಮ್ಮನಿಗೆ ತಿಳಿಯುತ್ತದೆ ಎಂದರು. ಅವಳು ಓದುವವಳು, ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಓದದೆ ಬಿಸಾಡುವವಳಲ್ಲ. ನೀನು ಬರೆದದ್ದೆಲ್ಲ ಓದುತ್ತಾಳೆ ಎಂದು ಅವಳ ಮಗನೇ ಹೇಳಿದ್ದಾನೆ. ಹರಿದ ಕಿವಿಯನ್ನು ಮೂವತ್ತೊಂದು ವರ್ಷ ಮುಚ್ಚಿಕೊಂಡು ತಿರುಗಿದವಳ ಸೆರಗನ್ನು ನೀನು ಎಳೆದೆ ಎಂದರು.

ಆಗ ನನಗೆ ಏನಾಯಿತೋ. ನಾನು, ರಾಜಾಜಿನಗರದ ಮೇಷ್ಟ್ರ ಮಗಳು, ಕೂಗಿದೆ. ಆರು ವರ್ಷ ಬರೆದಿದ್ದೇನೆ ಎಂದೆ. ನೀವೇ ಹೇಳಿಕೊಟ್ಟಿರಿ ಎಂದೆ. ಕೊನೆಗೆ, "ಕಿವಿ ಹರಿದಿದ್ದು ನೀವು, ನಾನಲ್ಲ" ಎಂದೆ. ಅವರೂ ಸುಮ್ಮನಿರಲಿಲ್ಲ. ಓದಿದವರ ಮನೆಯ ಹುಡುಗಿ ತರಬಾರದಿತ್ತು ಎಂದರು, ಕತ್ತರಿ ತೋರಿಸದೆ ಜೇಬು ಕತ್ತರಿಸುವವರು ಎಂದರು. ಕೂಗುತ್ತಾ ಕೂಗುತ್ತಾ ನನ್ನ ಕಣ್ಣು ಬಾಗಿಲ ಕಡೆಗೆ ಹೋಗಿದ್ದು ನನಗೇ ಗೊತ್ತಾಯಿತು. ಅತ್ತೆಯ ಕಣ್ಣೂ ಅಲ್ಲೇ ಇತ್ತು. ನರೇಂದ್ರ ಹಾಲು ತರಲು ಹೋಗಿದ್ದರು.

ಅತ್ತೆ ಅವರ ಕೋಣೆಗೆ, ನಾನು ನನ್ನ ಕೋಣೆಗೆ.

ನವೆಂಬರ್ ೫, ಬುಧವಾರ

"ಊಟಕ್ಕೆ ಬನ್ನಿ ಅತ್ತೆ."

"ಆಯ್ತು ಕಣಮ್ಮ."

ನವೆಂಬರ್ ೭, ಶುಕ್ರವಾರ

ಕಿವಿ ತೆಗೆದು ಬರೆದು ನೋಡಿದೆ. ಬಳೆ ಒಡೆಯುತ್ತದೆ ಎಂದು ಬರೆದೆ, ತುಟಿ ಒಡೆಯುತ್ತದೆ ಎಂದು ಬರೆದೆ. ಯಾವುದೂ ನಿಲ್ಲುವುದಿಲ್ಲ. ಬಳೆಗಾಗಿ ಯಾರೂ ಮೂವತ್ತು ವರ್ಷ ಮಾತು ಬಿಡುವುದಿಲ್ಲ.

ಸಂಜೆ ಆರಕ್ಕೆ ಯುಟಿಲಿಟಿಗೆ ಹೋದೆ, ಒಗೆಯುವ ಬಟ್ಟೆ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು ಬಂದೆ. ನರೇಂದ್ರ ಮಧ್ಯಸ್ಥಿಕೆಗೆ ಬಂದರು, ಮೂರು ದಿನ ತಡವಾಗಿ. ಇಬ್ಬರಲ್ಲಿ ಯಾರದು ತಪ್ಪು ಎಂದು ಕೇಳಿದರು. ಹಾಲು ತನ್ನಿ ಎಂದೆ.

ನವೆಂಬರ್ ೯, ಭಾನುವಾರ

ಮಧ್ಯಾಹ್ನ ಪಾತ್ರೆ ಒರೆಸುತ್ತಿದ್ದೆ. ಅತ್ತೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಆಕು ಅದನ್ನ" ಎಂದರು. "ಕಿವೀನೂ ಆಕು. ಆದ್ರೆ ಕಿವಿ ನಂದು ಮಾಡು."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹರಿಯುವುದು ಚನ್ನಕ್ಕನ ಕಿವಿ ಆಗಬೇಕು. ಎಳೆಯುವವಳು ಈರವ್ವ. ಗೆದ್ದವಳು ಅವಳಾಗಲಿ. ಸೊಣ್ಣಮ್ಮ ಓದಲಿ, ಓದಿ ಸುಮ್ಮನಿರಲಿ, ಅಷ್ಟು ಸಾಕು ಎಂದರು. ಹಾಗೆ ಆಗಲಿಲ್ಲವಲ್ಲ ಅತ್ತೆ ಎಂದೆ. ಆಗಿದ್ದನ್ನೇ ಬರೆಯುವುದಾದರೆ ಕತೆ ಯಾಕೆ ಎಂದರು. ನಾಲ್ಕು ವಾರ ಅದು ಹೀಗಲ್ಲ, ಅದು ಹಾಗಲ್ಲ ಎಂದು ನನ್ನ ಕತ್ತು ತಿರುಗದ ಹಾಗೆ ಮಾಡಿದವರು ಇವರೇ.

ನಾನು ಸುಮ್ಮನೆ ತಕರಾರು ತೆಗೆದೆ. ಕಿವಿ ಹರಿಸಿಕೊಂಡವಳ ಕಡೆಯಿಂದ ಬರೆಯಲು ನನಗೆ ಗೊತ್ತಿಲ್ಲ, ನೀವು ಹೇಳಿದ್ದೆಲ್ಲ ಎಳೆದವಳ ಕಡೆಯಿಂದ ಎಂದೆ. ಅತ್ತೆ ಯುಟಿಲಿಟಿಗೆ ನಡೆದರು. ನಾನು ಹಿಂದೆ ಹೋದೆ. ಸೆರಗು ಸಿಕ್ಕಿಸಿ, ಗೋಡೆಗೆ ಒರಗಿ ನಿಂತು, ಎಡಗಿವಿಯ ಮೇಲಿನ ಕೂದಲು ಸರಿಸಿದರು.

"ಇಡ್ಕೊ."

ಹಿಡಿದೆ. ವಾಲೆಯ ಸಮೇತ, ಎರಡು ಬೆರಳಲ್ಲಿ. ವಯಸ್ಸಾದ ಕಿವಿ, ಮೆತ್ತಗಿತ್ತು, ತೂತು ಉದ್ದವಾಗಿ ಕೆಳಗಿಳಿದಿತ್ತು. ಎಳೆ ಎಂದರು. ಸ್ವಲ್ಪ ಎಳೆದೆ. "ಇನ್ನೂ ಗಟ್ಯಾಗಿ." ಬೇಡ ಅತ್ತೆ ಎಂದೆ. ಎಳೆ ಎಂದರು. ಎಳೆದೆ. ಕಣ್ಣು ಮುಚ್ಚಿಕೊಂಡಿದ್ದರು, ಕೆಳದುಟಿ ಕಚ್ಚಿಕೊಂಡಿದ್ದರು, ಕೈ ಎತ್ತಿ ತಡೆಯಲಿಲ್ಲ. ಬೀದಿಯ ಕಡೆಯೂ ನೋಡಲಿಲ್ಲ. ನನ್ನ ಬೆರಳಿಗೆ ಅವರ ನಾಡಿ ಬಡಿಯುವುದು ತಿಳಿಯುತ್ತಿತ್ತು.

ನಾನೇ ಬಿಟ್ಟೆ. ಕಿವಿ ಕೆಂಪಗಾಗಿತ್ತು.

"ಇಷ್ಟೊಂದು ನೋಯ್ತದೆ ಅಂತ ಗೊತ್ತಿರ್ಲಿಲ್ಲ" ಎಂದರು.

ಆಮೇಲೆ ನಾನು ಅತ್ತೆ, ಅವರು ಸೊಸೆ ಎಂಬ ಹಾಗೆ ನನ್ನ ಹೆಗಲಿಗೆ ತಲೆ ಕೊಟ್ಟು ಅತ್ತರು. ಕಿವಿಗೆ ತುಪ್ಪ ಹಚ್ಚಿದೆ. ಸಂಜೆ ಕೂತು ಆರು ಪುಟ ಹೊಸದಾಗಿ ಬರೆದೆ. ಕೆಳದುಟಿ ಕಚ್ಚಿಕೊಂಡಿದ್ದನ್ನು ಬರೆದೆ, ಕೈ ಎತ್ತದೇ ಇದ್ದದ್ದನ್ನು ಬರೆದೆ.

ನವೆಂಬರ್ ೧೨, ಬುಧವಾರ

ಅತ್ತೆಗೆ ಓದಿದೆ. ಕೊನೆಯವರೆಗೆ ಕೇಳಿ, ಎಲೆ ಅಡಿಕೆ ಕುಟ್ಟಲು ಶುರು ಮಾಡಿದರು. ಒಪ್ಪಿಗೆ ಎಂದು ತಿಳಿದುಕೊಂಡು ನಯನಾಗೆ ಕಳಿಸಿದೆ.

ಗೋಪಿ ಫೋನ್ ಮಾಡಿದ್ದ. ಟೈಲ್ಸ್ ಮುಗಿದಿದೆ, ಶನಿವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಹೊಸ ಪೇಂಟಿನ ವಾಸನೆ ದಮ್ಮಿಗೆ ಒಳ್ಳೆಯದಲ್ಲ, ಸಂಕ್ರಾಂತಿ ಕಳೆಯಲಿ ಎಂದೆ. ಪೇಂಟ್ ಇನ್ನೂ ಹೊಡೆದೇ ಇಲ್ಲ ಅತ್ತಿಗೆ ಎಂದ. ಹೊಡೆಯುತ್ತಾರಲ್ಲ, ಆಗ ವಾಸನೆ ಇರುತ್ತದಲ್ಲ ಎಂದೆ. ಮುಂದಾಲೋಚನೆ ಇಲ್ಲದ ಹುಡುಗ.

ನವೆಂಬರ್ ೧೫, ಶನಿವಾರ

ಮೂರು ಗಂಟೆಗೆ ನಯನಾ ಫೋನ್ ಮಾಡಿದಳು. ದನಿಯಲ್ಲಿ ಕೆಮ್ಮಿತ್ತು. ಹಳೆಯ ಹನ್ನೊಂದನೇ ಅಧ್ಯಾಯದ ಪುಟಗಳು ಮುದ್ರ​ಣಕ್ಕೆ ಸಿದ್ಧವಾಗಿ ಕೂತಿವೆ, ಐದಕ್ಕೆ ಹೊರಡುತ್ತವೆ. ಹೊಸದನ್ನು ಹಾಕಬೇಕೆಂದರೆ ಹಿಂದು ಮುಂದಿನ ಪುಟಗಳನ್ನೂ ಬಿಚ್ಚಬೇಕು, ಇನ್ನೆರಡು ಅಧ್ಯಾಯಗಳಲ್ಲಿ ಹರಿದ ಕಿವಿ ಈರವ್ವನದಲ್ಲ, ಚನ್ನಕ್ಕನದು ಎಂದು ತಿದ್ದಬೇಕು. ಈ ವರ್ಷ ಆಗುವುದಿಲ್ಲ ಎಂದು ಪ್ರಕಾಶಕರು ಖಡಾಖಂಡಿತ ಹೇಳಿದ್ದಾರೆ. ಮುಂದಿನ ವರ್ಷದ ಬಗ್ಗೆ ಅವಳು ಮಾತು ಕೊಡಲಾರಳು. ಇದಕ್ಕಾಗಿ ಆರು ವರ್ಷ ಕಾದಿದ್ದೀರಿ ಎಂದು ನೆನಪಿಸಿದಳು, ನಾನು ಮರೆತಿದ್ದೇನೋ ಎಂಬಂತೆ.

ಅತ್ತೆ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಇದೊಂದೂ ಗೊತ್ತಿಲ್ಲ, ಹೇಳುವುದೂ ಇಲ್ಲ. ಪುಸ್ತಕ ಯಾವಾಗ ಬರುತ್ತದೆ ಎಂದು ದಿನಾ ಕೇಳುತ್ತಾರೆ, ಬರುತ್ತದೆ ಎಂದರಾಯಿತು. ನಾನು ಫೋನ್ ಹಿಡಿದು ಯುಟಿಲಿಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಮೇಡಂ, ಸುಮ್ನೆ ಹಳೇದನ್ನೇ ಬಿಟ್ಬಿಡೋಣ" ಎಂದಳು ನಯನಾ. "ಎರಡೂ ಓದಿದೀನಿ. ಹಳೇದೇ ನಿಜ ಅನ್ಸುತ್ತೆ."

"ನಿಜ ಹಳೇದೇ ನಯನಾ" ಎಂದೆ. "ಅದನ್ನ ತೆಗೆದುಬಿಡಿ. ಕಾಯ್ತೀನಿ."